ಇವತ್ತು ಎಷ್ಟನೇ ತಾರೀಖು? ಫ್ರೆಂಚ್ ತಾರೀಖಿಗೆ ಕನ್ನಡದ ದಾರಿ

ಗೆಳೆಯರೇ, ಮೊದಲು ಒಂದು ಮರ್ಯಾದೆ ಹೋದ ಪ್ರಸಂಗ ಹೇಳಿಬಿಡ್ತೀವಿ. ಹೋದ ಸೆಮಿಸ್ಟರ್ ರಜೆಯಲ್ಲಿ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯ್ತಾ ನಿಂತಿದ್ದೆವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೈಯಲ್ಲಿ ಆಸ್ಪತ್ರೆ ಚೀಟಿ ಹಿಡಕೊಂಡು ಕೇಳಿದರು: "ಏನಪಾ, ಇವತ್ತು ಎಷ್ಟನೇ ತಾರೀಖು ಐತಿ?"

ನಾವು ಥಟ್ ಅಂತ ಹೇಳಿದೆವು: "ಟ್ವೆಂಟಿ ನೈಂತ್, ಅಜ್ಜಾರ."

ಅವರು ನಮ್ಮ ಮುಖ ನೋಡಿದರು. "ಅಂದ್ರ?" ಅಂದರು. ನಾವು "ಇಪ್ಪತ್ತೊಂಬತ್ತು" ಅನ್ನೋಕೆ ಮುಂಚೆ ತಲೆಯೊಳಗೆ ಒಂದು ಸಣ್ಣ ಲೆಕ್ಕ ಮಾಡಬೇಕಾಯಿತು. ಅಷ್ಟರಲ್ಲಿ ಪಕ್ಕದ ಹಣ್ಣಿನ ಬಂಡಿಯವರೇ ಉತ್ತರ ಹೇಳಿದರು. ಮನೆಯಲ್ಲಿ ದಿನಾ ಕನ್ನಡ ಮಾತಾಡೋ ನಾವು, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ, ಇಪ್ಪತ್ತು ದಾಟಿದ ಕೂಡಲೇ ಕನ್ನಡದ ಅಂಕಿಗೆ ತಡವರಿಸ್ತೀವಿ. ಎಂಬತ್ತೊಂಬತ್ತು ಯಾವುದು, ತೊಂಬತ್ತೆಂಟು ಯಾವುದು ಅಂತ ಈಗಲೂ ಗೊಂದಲ. ನಿಮಗೂ ಆಗುತ್ತೆ, ಸುಮ್ಮನೆ ಒಪ್ಪಿಕೊಳ್ಳಿ.

ವಿಚಿತ್ರ ಏನಂದರೆ ಅದೇ ರಜೆಯಲ್ಲಿ ನಮ್ಮ ಗುಂಪಿನ ನಾಲ್ಕು ಜನ ಮೊಬೈಲ್ ಆ್ಯಪ್ ಹಾಕಿಕೊಂಡು ಫ್ರೆಂಚ್ ಕಲಿಯೋಕೆ ಶುರು ಮಾಡಿದ್ದೆವು. ತಾರೀಖಿನ ಪಾಠ ಬಂತು. ಇಂಗ್ಲಿಷಿನಿಂದ ಅನುವಾದ ಮಾಡ್ಕೊಂಡು ಕಲಿಯೋಕೆ ಹೋದರೆ ಹೆಜ್ಜೆ ಹೆಜ್ಜೆಗೂ ತಪ್ಪು. ಆಮೇಲೆ ಒಬ್ಬಳು, "ಏ, ಇದು ನಮ್ಮ ಅಜ್ಜಿ ಮಾತಾಡಿದಂಗ ಐತಲ್ಲ" ಅಂದಳು. ಅಲ್ಲಿಂದ ಎಲ್ಲಾ ಸಲೀಸಾಯಿತು. ಆ ಪಾಠವನ್ನೇ ಇಲ್ಲಿ ನಿಮಗೆ ಕೊಡ್ತಾ ಇದ್ದೀವಿ. ಎರಡು ಭಾಷೆಯ ತಾರೀಖು ಒಟ್ಟಿಗೆ ಕಲಿಯೋಣ.

ಉಚ್ಚಾರಣೆ ಬಗ್ಗೆ ಒಂದು ಮಾತು. ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಆದಷ್ಟು ಹತ್ತಿರ ಬರೆದಿದ್ದೀವಿ. ಸೊನ್ನೆ ಬಂದ ಕಡೆ ಹೆಚ್ಚಾಗಿ ಮೂಗಿನಿಂದ ಹೇಳಿ, ಪೂರ್ತಿ 'ಮ್' ಮಾಡಬೇಡಿ. ಅವರ 'ರ' ನಾಲಿಗೆ ತುದಿಯದಲ್ಲ, ಗಂಟಲಿನದು. ಉರ್ದು ಬಲ್ಲ ಗೆಳೆಯರು 'ಗರೀಬ್' ಅನ್ನುವಾಗ ಗಂಟಲಿಂದ ಬರುವ ಆ 'ಗ' ಇದೆಯಲ್ಲ, ಅದರ ಹತ್ತಿರ. ರಾಯಚೂರಿನವರಿಗೆ ಇದು ಕಷ್ಟ ಆಗಬಾರದು.

1. ಪ್ರಶ್ನೆ ಕೇಳೋದು

ಇಂಗ್ಲಿಷಿನಲ್ಲಿ ತಾರೀಖು ಕೇಳಬೇಕಾದರೆ 'ತಾರೀಖು ಏನು' ಅಂತ ಕೇಳಬೇಕು. ನಮ್ಮ 'ಎಷ್ಟನೇ' ಅನ್ನೋ ಪದ ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ದಿನಬಳಕೆಯ ಒಂದೇ ಪದ ಇಲ್ಲ. "ನೆಹರೂ ಎಷ್ಟನೇ ಪ್ರಧಾನಿ?" ಅನ್ನೋದನ್ನ ಇಂಗ್ಲಿಷಿಗೆ ಮಾಡಿ ನೋಡಿ, ಗೊತ್ತಾಗುತ್ತೆ.

ಫ್ರೆಂಚರು ಮಾತಿನಲ್ಲಿ ಹೀಗೆ ಕೇಳ್ತಾರೆ: "ಓನ್ ಎ ಲ ಕೋಂಬಿಯಾಂ?" ಇಲ್ಲಿ 'ಕೋಂಬಿಯಾಂ' ಅಂದರೆ 'ಎಷ್ಟು'. ಪದಕ್ಕೆ ಪದ ಇಟ್ಟರೆ 'ನಾವು ಎಷ್ಟರಲ್ಲಿ ಇದ್ದೀವಿ?' ಅಂದ ಹಾಗೆ. ಮಾನ್ವಿಯ ಅಜ್ಜಾರು ಕೇಳಿದ್ದೂ 'ಎಷ್ಟು' ಅನ್ನೋದರಿಂದಲೇ ಹುಟ್ಟಿದ ಪ್ರಶ್ನೆ.

ಉತ್ತರ: "ನೂ ಸೊಮ್ ಲ ಸ್ಯಾಂಕ್ ಮೆ." ಅಂದರೆ 'ನಾವು ಮೇ ಐದರಲ್ಲಿ ಇದ್ದೀವಿ'. ತಾರೀಖು ಅಂದರೆ ಒಂದು ಜಾಗ, ಅದರೊಳಗೆ ನಾವು ನಿಂತಿದ್ದೀವಿ ಅನ್ನೋ ಭಾವ.

2. ವಾರಗಳು

ಫ್ರೆಂಚ್ ವಾರಗಳನ್ನು ಇಂಗ್ಲಿಷಿನ ಪಕ್ಕದಲ್ಲಿ ಬರೆದರೆ ಏಳೂ ಬಾಯಿಪಾಠ ಮಾಡಬೇಕು. ಕನ್ನಡದ ಪಕ್ಕದಲ್ಲಿ ಬರೆಯಿರಿ:

ಸೋಮವಾರ: ಲಂದಿ. ಚಂದ್ರನ ದಿನ.
ಮಂಗಳವಾರ: ಮಾರ್ದಿ. ಮಂಗಳ ಗ್ರಹ, ಅಂದರೆ ಮಾರ್ಸ್.
ಬುಧವಾರ: ಮೆರ್ಕ್ರದಿ. ಬುಧ ಗ್ರಹ, ಅಂದರೆ ಮರ್ಕ್ಯುರಿ.
ಗುರುವಾರ: ಜದಿ. ಗುರು ಗ್ರಹ, ಅಂದರೆ ಜುಪಿಟರ್.
ಶುಕ್ರವಾರ: ವಾಂದ್ರದಿ. ಶುಕ್ರ ಗ್ರಹ, ಅಂದರೆ ವೀನಸ್.
ಶನಿವಾರ: ಸಾಮ್ದಿ.
ಭಾನುವಾರ: ದಿಮಾಂಶ್.

ಸೋಮದಿಂದ ಶುಕ್ರದವರೆಗೆ ಐದೂ ದಿನ ಅದೇ ಗ್ರಹ, ಅದೇ ಕ್ರಮ. ಕೊನೆಯ ಎರಡು ಮಾತ್ರ ಬೇರೆ: ಸಾಮ್ದಿ ಯೆಹೂದಿಗಳ ವಿಶ್ರಾಂತಿ ದಿನದ ಹೆಸರಿನಿಂದ ಬಂದದ್ದು, ದಿಮಾಂಶ್ ಅಂದರೆ ಕ್ರೈಸ್ತರ ಪ್ರಭುವಿನ ದಿನ. ಇಂಗ್ಲಿಷಿನಲ್ಲಿ ಉಲ್ಟಾ. ಅಲ್ಲಿ ಶನಿ, ಸೂರ್ಯ, ಚಂದ್ರ ಉಳಿದಿವೆ. ನಡುವಿನ ನಾಲ್ಕು ದಿನಕ್ಕೆ ಉತ್ತರ ಯುರೋಪಿನ ಹಳೇ ದೇವರುಗಳ ಹೆಸರು ಬಂದಿದೆ.

ಇನ್ನು ಗುರುವಾರದ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು 'ಬೇಸ್ತವಾರ' ಅಂತಾರೆ, ಭಾನುವಾರಕ್ಕೆ 'ಐತವಾರ'. ನಾವು ಇವನ್ನ ಯಾವುದೋ ಹಳ್ಳಿ ತಪ್ಪು ಅಂದುಕೊಂಡಿದ್ದೆವು. ಬೇಸ್ತವಾರ ಅಂದರೆ ಬೃಹಸ್ಪತಿವಾರ, ಐತವಾರ ಅಂದರೆ ಆದಿತ್ಯವಾರ. ಬಾಯಿಂದ ಬಾಯಿಗೆ ಸವೆದ ಪದಗಳು ಅಷ್ಟೇ. ಲ್ಯಾಟಿನ್ನಿನ ಜುಪಿಟರ್ ದಿನ ಸವೆದು 'ಜದಿ' ಆಗಿದ್ದೂ ಹೀಗೇ. ಅದನ್ನ ಯಾರೂ ತಪ್ಪು ಅನ್ನೋಲ್ಲ.

ಒಂದು ವ್ಯಾಕರಣದ ಸೂಕ್ಷ್ಮ. ಬರೀ 'ಲಂದಿ' ಅಂದರೆ ಈ ಸೋಮವಾರ. 'ಲ ಲಂದಿ' ಅಂದರೆ ಪ್ರತಿ ಸೋಮವಾರ. ನಾವು "ಸೋಮವಾರ ಲ್ಯಾಬ್ ಐತಿ" ಅಂದರೆ ಒಂದು ಅರ್ಥ, "ಸೋಮವಾರ ಸೋಮವಾರ ಲ್ಯಾಬ್ ಐತಿ" ಅಂದರೆ ಇನ್ನೊಂದು. ಅವರು ಮುಂದೆ 'ಲ' ಸೇರಿಸ್ತಾರೆ, ನಾವು ಪದವನ್ನೇ ಎರಡು ಸಲ ಹೇಳ್ತೀವಿ.

3. ತಾರೀಖಿನ ಅಂಕಿ

ನಿಯಮ ಸಣ್ಣದು: 'ಲ' + ಅಂಕಿ + ತಿಂಗಳು + ವರ್ಷ. ಅಂಕಿಗೆ 'ನೇ' ಸೇರಿಸೋದು ಬೇಡ. ಐದನೇ ತಾರೀಖಿಗೆ 'ಲ ಸ್ಯಾಂಕ್' ಅಂದರೆ ಸಾಕು, ಬರೀ 'ಐದು'. ಆದರೆ ತಿಂಗಳ ಮೊದಲ ದಿನ ಮಾತ್ರ ವಿಶೇಷ. ಅದು 'ಲ ಅಂ' ಅಲ್ಲ, 'ಲ ಪ್ರಮಿಯೆ', ಮೊದಲನೇದು. ಬರೆಯುವಾಗ 1ರ ಪಕ್ಕದಲ್ಲಿ ಮೇಲೆ ಸಣ್ಣಕ್ಷರದಲ್ಲಿ ಬಾಲ ಹಾಕ್ತಾರೆ. 2ರಿಂದ 31ರವರೆಗೆ ಬಾಲ ಇಲ್ಲ. ಇಂಗ್ಲಿಷಿನ ಅಭ್ಯಾಸದಲ್ಲಿ ಎಲ್ಲದಕ್ಕೂ ಬಾಲ ಹಾಕೋದೇ ನಾವು ಮಾಡಿದ ಮೊದಲ ತಪ್ಪು.

ನಮ್ಮ ಪಂಚಾಂಗದಲ್ಲೂ ಮೊದಲ ದಿನ ವಿಶೇಷವೇ. ಪಂಚಮಿ, ಸಪ್ತಮಿ, ಅಷ್ಟಮಿ ಅಂದರೆ ಒಳಗಿನ ಅಂಕಿ ಕಾಣುತ್ತೆ. ಮೊದಲ ತಿಥಿ 'ಪಾಡ್ಯ'. ಅದರಲ್ಲಿ 'ಒಂದು' ಎಲ್ಲೂ ಕಾಣೋದಿಲ್ಲ.

ಅಂಕಿಗಳು: 2 ದ, 3 ತ್ರ್ವಾ, 4 ಕಾತ್ರ್, 5 ಸ್ಯಾಂಕ್, 6 ಸಿಸ್, 7 ಸೆತ್, 8 ವಿತ್, 9 ನಫ್, 10 ದಿಸ್, 11 ಓಂಜ್, 12 ದೂಜ್, 13 ತ್ರೇಜ್, 14 ಕಾತೋರ್ಜ್, 15 ಕ್ಯಾಂಜ್, 16 ಸೇಜ್. ಇಲ್ಲಿಂದ ಆಟ ಸುಲಭ. 17 ದಿಸೆತ್, 18 ದಿಜ್‌ವಿತ್, 19 ದಿಜ್‌ನಫ್. ಅಂದರೆ ಹತ್ತು-ಏಳು, ಹತ್ತು-ಎಂಟು, ಹತ್ತು-ಒಂಬತ್ತು. ಹದಿನೇಳು, ಹದಿನೆಂಟು ಅಂತ ನಾವೂ ಹತ್ತನ್ನೇ ಮೊದಲು ಹೇಳ್ತೀವಿ. ಇಂಗ್ಲಿಷಿನಲ್ಲಿ ಏಳು ಮೊದಲು, ಹತ್ತು ಆಮೇಲೆ. 20 ವ್ಯಾಂ, 21 ವ್ಯಾಂತೆ ಅಂ, 22 ವ್ಯಾಂತ್ ದ, 30 ತ್ರಾಂತ್, 31 ತ್ರಾಂತೆ ಅಂ.

ತಿಂಗಳುಗಳು: ಜಾಂವಿಯೆ, ಫೆವ್ರಿಯೆ, ಮಾರ್ಸ್, ಆವ್ರಿಲ್, ಮೆ, ಜ್ವಾಂ, ಜ್ವಿಯೆ, ಊತ್, ಸೆಪ್ತಾಂಬ್ರ್, ಒಕ್ತೊಬ್ರ್, ನೊವಾಂಬ್ರ್, ದೆಸಾಂಬ್ರ್. ಎಚ್ಚರ ಎರಡು ಕಡೆ. ಜೂನ್ 'ಜ್ವಾಂ', ಜುಲೈ 'ಜ್ವಿಯೆ', ಕಿವಿಗೆ ಅದಲು ಬದಲು ಆಗುತ್ತೆ. ಆಗಸ್ಟ್ ಬರೀ 'ಊತ್'. ಕೆಲವರು 'ಊ' ಅಂತ ಬಿಟ್ಟುಬಿಡ್ತಾರೆ. ಬರೆಯುವಾಗ ವಾರ, ತಿಂಗಳ ಹೆಸರಿಗೆ ಫ್ರೆಂಚಿನಲ್ಲಿ ದೊಡ್ಡಕ್ಷರ ಹಾಕೋಲ್ಲ. ಕನ್ನಡದಲ್ಲಿ ಆ ತಲೆನೋವೇ ಇಲ್ಲ.

4. ವರ್ಷ ಹೇಳೋದು

ಇಂಗ್ಲಿಷಿನಲ್ಲಿ ನಾವು ವರ್ಷವನ್ನು ಎರಡು ತುಂಡು ಮಾಡ್ತೀವಿ: ನೈಂಟೀನ್, ಫಿಫ್ಟಿ ಸಿಕ್ಸ್. ಫ್ರೆಂಚರು ಪೂರ್ತಿ ಸಂಖ್ಯೆ ಓದ್ತಾರೆ: ಮಿಲ್ ನಫ್ ಸಾಂ ಸ್ಯಾಂಕಾಂತ್ ಸಿಸ್. ಸಾವಿರದ ಒಂಬೈನೂರ ಐವತ್ತಾರು. ಮಿಲ್ ಸಾವಿರ, ಸಾಂ ನೂರು, ಕ್ರಮ ತಪ್ಪದ ಹಾಗೆ ಕನ್ನಡವೇ.

ಇನ್ನೂ ಮಜಾ ಇದೆ. ಫ್ರೆಂಚಿನಲ್ಲಿ 'ದಿಜ್‌ನಫ್ ಸಾಂ' ಅಂತ ಹೇಳುವ ರೂಢಿಯೂ ಉಂಟು, ಅಂದರೆ 'ಹತ್ತೊಂಬತ್ತು ನೂರು'. ನಮ್ಮ ಕಡೆಯ ಹಿರಿಯರೂ "ಹತ್ತೊಂಬತ್ತು ನೂರಾ ಐವತ್ತಾರರಾಗ" ಅಂತಾರೆ. ಎರಡು ರೂಪ ಅಲ್ಲೂ ಇವೆ, ಇಲ್ಲೂ ಇವೆ.

ನಾವು ಹುಟ್ಟಿದ ವರ್ಷಗಳು ಇನ್ನೂ ಸುಲಭ. 2006 ಅಂದರೆ 'ದ ಮಿಲ್ ಸಿಸ್', ಎರಡು ಸಾವಿರದ ಆರು. ಕಷ್ಟ ಬರೋದು ಅಪ್ಪ ಅಮ್ಮ ಹುಟ್ಟಿದ ವರ್ಷಗಳಿಗೆ. 70 ಅಂದರೆ 'ಅರವತ್ತು-ಹತ್ತು', 80 ಅಂದರೆ 'ನಾಲ್ಕು ಇಪ್ಪತ್ತು', 90 ಅಂದರೆ 'ನಾಲ್ಕು ಇಪ್ಪತ್ತು ಹತ್ತು'. ಹಾಗಾಗಿ 1998 ಹೇಳಬೇಕಾದರೆ ಸಾವಿರ, ಒಂಬತ್ತು ನೂರು, ನಾಲ್ಕು ಇಪ್ಪತ್ತು, ಹದಿನೆಂಟು. ಇದನ್ನ ನೋಡಿದ ಮೇಲೆ 'ತೊಂಬತ್ತೆಂಟು' ಕಷ್ಟ ಅಂತ ಹೇಳೋಕೆ ನಮಗೆ ಬಾಯಿ ಬರಲಿಲ್ಲ.

ಈಗ ಒಂದು ಪೂರ್ತಿ ತಾರೀಖು. ನಮ್ಮ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಭಾರತಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷದ ಮೇಲೆ, 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಶರಣಾಯಿತು. ಅದು ಶುಕ್ರವಾರ. ಫ್ರೆಂಚಿನಲ್ಲಿ: "ವಾಂದ್ರದಿ ದಿಸೆತ್ ಸೆಪ್ತಾಂಬ್ರ್ ಮಿಲ್ ನಫ್ ಸಾಂ ಕಾರಾಂತ್ ವಿತ್." ರಾಯಚೂರು ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1, ಗುರುವಾರ: "ಜದಿ ಪ್ರಮಿಯೆ ನೊವಾಂಬ್ರ್ ಮಿಲ್ ನಫ್ ಸಾಂ ಸ್ಯಾಂಕಾಂತ್ ಸಿಸ್." ಎರಡನ್ನೂ ಮೂರು ಸಲ ಗಟ್ಟಿಯಾಗಿ ಹೇಳಿ. ಕನ್ನಡದಲ್ಲೂ ಮೂರು ಸಲ.

5. ಬರೆಯೋದು

ಫ್ರೆಂಚಿನಲ್ಲಿ ಸಣ್ಣದರಿಂದ ದೊಡ್ಡದಕ್ಕೆ: ದಿನ, ತಿಂಗಳು, ವರ್ಷ. ಅಂಕಿಯಲ್ಲಿ 17/09/1948. ನಮ್ಮ ಅರ್ಜಿಗಳ ಕ್ರಮವೇ. ಪತ್ರ ಬರೆದರೆ ಮೇಲೆ ಊರ ಹೆಸರು, ಅಲ್ಪವಿರಾಮ, ಆಮೇಲೆ 'ಲ' ಸೇರಿಸಿ ತಾರೀಖು. ಅಮೆರಿಕದವರು ಮಾತ್ರ ತಿಂಗಳನ್ನು ಮೊದಲು ಬರೀತಾರೆ. ಅದಕ್ಕೇ 03/04 ಅಂತ ಇರುವ ಎಕ್ಸೆಲ್ ಫೈಲ್ ಏಪ್ರಿಲ್ 3 ಆಗಬೇಕಾದದ್ದು ಮಾರ್ಚ್ 4 ಆಗಿ ಕೂತುಬಿಡುತ್ತೆ.

ಕನ್ನಡದಲ್ಲಿ ವಾಕ್ಯದೊಳಗೆ ಬರೆಯುವಾಗ ದೊಡ್ಡದರಿಂದ ಸಣ್ಣದಕ್ಕೆ ಬರ್ತೀವಿ: 1948ರ ಸೆಪ್ಟೆಂಬರ್ 17ರಂದು. ವರ್ಷ, ತಿಂಗಳು, ದಿನ. ಇದನ್ನ ಎಲ್ಲೋ ನೋಡಿದ ಹಾಗಿದೆಯಾ? ಕೋಡ್ ಬರೆಯುವಾಗ ಬಳಸುವ ಐಎಸ್‌ಒ 8601 ಮಾದರಿ, 1948-09-17. ಫೈಲ್ ಹೆಸರನ್ನ ಹಾಗೆ ಇಟ್ಟರೆ ತಾವೇ ಕಾಲಕ್ರಮದಲ್ಲಿ ಜೋಡಿಸಿಕೊಳ್ತಾವೆ. ನಮ್ಮ ಭಾಷೆ ಆ ಕ್ರಮವನ್ನ ವಿಭಕ್ತಿ ಪ್ರತ್ಯಯದಲ್ಲೇ ಇಟ್ಟುಕೊಂಡಿದೆ.

ಪ್ರತ್ಯಯ ನೆನಪಿಡಿ: ದಿನಕ್ಕೆ 'ರಂದು' (17ರಂದು), ವರ್ಷಕ್ಕೆ 'ರಲ್ಲಿ' (1948ರಲ್ಲಿ), ಮಾತಿನಲ್ಲಿ 'ಕ್ಕೆ' (ಹದಿನೇಳಕ್ಕೆ ಪರೀಕ್ಷೆ). ಫ್ರೆಂಚಿನಲ್ಲಿ ದಿನಕ್ಕೆ ಬರೀ 'ಲ', ತಿಂಗಳಿಗೂ ವರ್ಷಕ್ಕೂ 'ಆಂ'. 'ಆಂ ಮೆ' ಅಂದರೆ ಮೇ ತಿಂಗಳಲ್ಲಿ. ಇನ್ನು ನಮ್ಮ ಕಾರ್ಯಕ್ರಮದ ಪೋಸ್ಟರುಗಳಲ್ಲಿ ಬರುವ "ದಿನಾಂಕ 17ನೇ ತಾರೀಖಿನಂದು" ಅನ್ನೋದನ್ನ ದಯವಿಟ್ಟು ನಿಲ್ಲಿಸೋಣ. ದಿನಾಂಕ ಸಂಸ್ಕೃತದಿಂದ, ತಾರೀಖು ಅರಬ್ಬಿಯಿಂದ ಬಂದದ್ದು, ಅರ್ಥ ಒಂದೇ. ಯಾವುದಾದರೂ ಒಂದು ಸಾಕು.

6. ಎಂಟು ದಿನ, ಹದಿನೈದು ದಿನ

ನಮಗೆ ಅತಿ ಇಷ್ಟವಾದ ಭಾಗ ಇದು. ಫ್ರೆಂಚರು ಒಂದು ವಾರ ಅನ್ನೋಕೆ 'ವಿ ಜೂರ್' ಅಂತಾರೆ, ಅಂದರೆ ಎಂಟು ದಿನ. ಎರಡು ವಾರಕ್ಕೆ 'ಕ್ಯಾಂಜ್ ಜೂರ್', ಹದಿನೈದು ದಿನ. ಇಂಗ್ಲಿಷಿನಲ್ಲಿ ಯೋಚಿಸಿದರೆ ಲೆಕ್ಕ ತಪ್ಪಿದೆ ಅನ್ನಿಸುತ್ತೆ, ಏಳು ಮತ್ತು ಹದಿನಾಲ್ಕು ಆಗಬೇಕಿತ್ತಲ್ಲ.

ಮನೆಯಲ್ಲಿ ಏನಂತಾರೆ ನೆನಪು ಮಾಡಿಕೊಳ್ಳಿ. "ಎಂಟು ದಿನ ಬಿಟ್ಟು ಬಾ." "ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತಾನ." ಯಾರೂ "ಹದಿನಾಲ್ಕು ದಿನಕ್ಕೊಮ್ಮೆ" ಅನ್ನೋಲ್ಲ. ಇಬ್ಬರೂ ಶುರುವಿನ ದಿನವನ್ನೂ ಕೊನೆಯ ದಿನವನ್ನೂ ಸೇರಿಸಿ ಎಣಿಸ್ತಾರೆ. ಸೋಮವಾರದಿಂದ ಸೋಮವಾರಕ್ಕೆ ಬೆರಳು ಮಡಚಿ, ಎಂಟು ಬರುತ್ತೆ. ಹತ್ತು ಮೀಟರ್ ಬೇಲಿಗೆ ಮೀಟರಿಗೊಂದು ಕಂಬ ನೆಟ್ಟರೆ ಹನ್ನೊಂದು ಕಂಬ ಬೇಕು, ಅದೇ ಲೆಕ್ಕ. ಲೂಪ್ ಬರೆಯುವಾಗ ನಾವೆಲ್ಲ ಒಂದು ಹೆಚ್ಚು ಒಂದು ಕಡಿಮೆ ಮಾಡಿ ಒದ್ದಾಡೋದೂ ಇಲ್ಲೇ.

7. ಫಸಲಿ: ನಮ್ಮದೇ ಇನ್ನೊಂದು ತಾರೀಖು

ಫ್ರಾನ್ಸಿನಲ್ಲಿ ಕ್ರಾಂತಿ ಆದ ಮೇಲೆ ಅವರು ಕ್ಯಾಲೆಂಡರನ್ನೇ ಬದಲು ಮಾಡಿದರು. 1792ರ ಸೆಪ್ಟೆಂಬರ್ 22ರಿಂದ ಹೊಸ ಶಕೆ. ತಿಂಗಳಿಗೆ ಮೂವತ್ತು ದಿನ, ವಾರಕ್ಕೆ ಹತ್ತು ದಿನ, ತಿಂಗಳ ಹೆಸರೆಲ್ಲ ದ್ರಾಕ್ಷಿ ಕೊಯ್ಲು, ಮಂಜು, ಸುಗ್ಗಿ ಅಂತ ಋತುವಿನ ಮೇಲೆ. ಹೆಚ್ಚು ದಿನ ಬಾಳಲಿಲ್ಲ. 1806ರ ಜನವರಿ 1ರಿಂದ ಹಳೇ ಕ್ಯಾಲೆಂಡರೇ ವಾಪಸ್ ಬಂತು. ಆ ಕಾಲದ ಫ್ರೆಂಚ್ ಕಾಗದ ಓದುವವರಿಗೆ ಈಗಲೂ ಲೆಕ್ಕದ ಪಟ್ಟಿ ಬೇಕು.

ನಮಗೂ ಹಾಗೇ ಒಂದು ಪಟ್ಟಿ ಬೇಕಾಯಿತು. ನಮ್ಮ ಗುಂಪಿನ ಒಬ್ಬಳ ಊರು ದೇವದುರ್ಗ ತಾಲೂಕಿನಲ್ಲಿ. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಹೊಲದ ಕಾಗದದ ಫೋಟೋ ಅವಳು ಗ್ರೂಪಿಗೆ ಹಾಕಿದಳು. ಉರ್ದುವಿನಲ್ಲಿತ್ತು. ಇನ್ನೊಬ್ಬ ಗೆಳೆಯನ ಅಪ್ಪ ಓದಿ ಹೇಳಿದರು: ಹೊಲ ಕೊಂಡ ಕಾಗದ, ಖುರ್ದಾದ್ ತಿಂಗಳು, 1352. ನಮ್ಮಲ್ಲೊಬ್ಬ "ಹಾಗಾದ್ರ ಹಕ್ಕ ಬುಕ್ಕರ ಕಾಲದ್ದು" ಅಂತ ನಗಾಡಿದ. ಅದು ಫಸಲಿ ವರ್ಷ ಅಂತ ಆ ಅಂಕಲ್ಲೇ ಹೇಳಿಕೊಟ್ಟರು.

ಫಸಲಿ ಅಂದರೆ ಫಸಲಿನ ಲೆಕ್ಕ, ಕಂದಾಯ ವಸೂಲಿಗೆ ಮೊಘಲರ ಕಾಲದಲ್ಲಿ ಬಂದದ್ದು. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಕಾಗದಗಳೆಲ್ಲ ಇದರಲ್ಲೇ ನಡೀತಿದ್ದವು. ಅಲ್ಲಿಯ ಭೂಕಂದಾಯ ಕಾಯ್ದೆಯ ಹೆಸರೇ 1317 ಫಸಲಿ. ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರು. ಆಮೇಲೆ ದೈ, ಬಹಮನ್ ಹೀಗೆ ಪರ್ಷಿಯನ್ ಹೆಸರುಗಳು.

ಲೆಕ್ಕ ಹೀಗೆ: ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯೊಳಗಾದರೆ ಫಸಲಿಗೆ 590 ಕೂಡಿಸಿ. ಜನವರಿಯಿಂದ ಮುಂದಿನ ಅಕ್ಟೋಬರ್ ಶುರುವಿನವರೆಗೆ 591 ಕೂಡಿಸಿ. (ನಮ್ಮ ರಾಯಚೂರು ಕೋಟೆಯ ದೊಡ್ಡ ಕಲ್ಲಿನ ಶಾಸನದಲ್ಲಿರೋದು ಶಕ 1216, ಶಕ ವರ್ಷಕ್ಕೆ 78 ಕೂಡಿಸಿದರೆ 1294. ಅದು ಬೇರೆ ಲೆಕ್ಕ, ಕಲಸಿಕೊಳ್ಳಬೇಡಿ.)

ಖುರ್ದಾದ್ ಏಳನೇ ತಿಂಗಳು, ಏಪ್ರಿಲ್ ಸುಮಾರಿಗೆ ಬರುತ್ತೆ. 1352ಕ್ಕೆ 591 ಕೂಡಿಸಿ. 1943.

ಗೆಳತಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಿಲ್ಲ. ಆಮೇಲೆ ಹೇಳಿದಳು. ಅವರ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು 01/01/1950 ಅಂತ ಇದೆ, ಯಾರೋ ಅಂದಾಜಿಗೆ ಬರೆದದ್ದು. ಅಜ್ಜಿ ಮಾತ್ರ ಯಾವಾಗಲೂ "ಹಳ್ಳದ ಹೊಲ ತಗೊಂಡ ವರ್ಷ ಕಾರಹುಣ್ಣಿಮಿ ಮುಂದ ಹುಟ್ಟೀನಿ" ಅಂತಿದ್ದರಂತೆ. ವರ್ಷ ಯಾವುದು ಅಂತ ಕೇಳಿದರೆ ಗೊತ್ತಿಲ್ಲ. ಮನೆಯವರೆಲ್ಲ, "ಅಜ್ಜಿ ಸುಮ್ನ ವಯಸ್ಸು ಜಾಸ್ತಿ ಹೇಳ್ತಾಳ" ಅಂತ ನಗ್ತಿದ್ದರು. ನಗುವವರಲ್ಲಿ ಅವಳೂ ಇದ್ದಳು.

ಆ ಕಾಗದ ಅದೇ ಹಳ್ಳದ ಹೊಲದ್ದು. ಕಾರಹುಣ್ಣಿಮೆ ಬರೋದು ಜ್ಯೇಷ್ಠ ಮಾಸದಲ್ಲಿ, ಸಾಮಾನ್ಯವಾಗಿ ಜೂನ್ ಹೊತ್ತಿಗೆ. ರಾಯಚೂರಿನಲ್ಲಿ ಮುಂಗಾರು ಹಬ್ಬ ಮಾಡಿ ಎತ್ತುಗಳಿಂದ ಕಲ್ಲು ಎಳೆಸ್ತಾರಲ್ಲ, ಆ ಹುಣ್ಣಿಮೆ. ಅಂದರೆ ಅಜ್ಜಿ ಹುಟ್ಟಿದ್ದು 1943ರ ಬೇಸಿಗೆ ಕೊನೆಗೆ. ಅಜ್ಜಿ ವರ್ಷವನ್ನೂ ಹೇಳಿದ್ದರು, ತಿಂಗಳನ್ನೂ ಹೇಳಿದ್ದರು. ಅದನ್ನ ಓದೋಕೆ ನಮಗೆ ಬರ್ತಿರಲಿಲ್ಲ.

ಗೆಳತಿ ಫೋನ್ ಮಾಡಿ ಹೇಳಿದಾಗ ಅಜ್ಜಿ ಅಂದದ್ದು ಇಷ್ಟೇ: "ನಾ ಹೇಳಿದ್ದು ಖರೆ ಆತಿಲ್ಲ ಈಗ?"

ಅಭ್ಯಾಸ

ಉತ್ತರಗಳನ್ನ ಕನ್ನಡ ಸಂಘದ ಗ್ರೂಪಿಗೆ ಧ್ವನಿ ಸಂದೇಶದಲ್ಲಿ ಕಳಿಸಿ. ತಪ್ಪಾದರೂ ಪರವಾಗಿಲ್ಲ.

1. ನಿಮ್ಮ ಹುಟ್ಟಿದ ತಾರೀಖನ್ನು ವಾರದ ಸಮೇತ ಕನ್ನಡದಲ್ಲೂ ಫ್ರೆಂಚಿನಲ್ಲೂ ಹೇಳಿ. ಇಂಗ್ಲಿಷ್ ಅಂಕಿ ಬಂದರೆ ಮೊದಲಿಂದ.
2. 1950ರ ಜನವರಿ 26, ಗುರುವಾರ. ಎರಡೂ ಭಾಷೆಯಲ್ಲಿ ಹೇಳಿ.
3. ಫ್ರೆಂಚರ ರಾಷ್ಟ್ರೀಯ ದಿನ ಜುಲೈ 14. 'ಲ' ಸೇರಿಸಿ ಹೇಳಿ. ಅದೇ ತಿಂಗಳ 1ನೇ ತಾರೀಖು ಹೇಗೆ ಹೇಳ್ತೀರಿ?
4. ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರು ರದ್ದು ಮಾಡಿದ ನಿಯಮ ಆಗಸ್ಟ್ ತಿಂಗಳಲ್ಲಿ ಬಂತು, ವರ್ಷ 1358 ಫಸಲಿ. ಕ್ರಿ.ಶ. ಎಷ್ಟು?
5. ಇದು ಮನೆಗೆ ಹೋದಾಗ ಮಾಡುವ ಕೆಲಸ. ಅಜ್ಜ ಅಜ್ಜಿಯನ್ನ, ಇಲ್ಲದಿದ್ದರೆ ಓಣಿಯ ಯಾರಾದರೂ ಹಿರಿಯರನ್ನ "ನೀವು ಹುಟ್ಟಿದ್ದು ಯಾವಾಗ?" ಅಂತ ಕೇಳಿ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಳ್ಳಿ, ಬರ ಅಂದರೆ ಬರ, ಹುಣ್ಣಿಮೆ ಅಂದರೆ ಹುಣ್ಣಿಮೆ. ಆಮೇಲೆ ಕೂತು ಲೆಕ್ಕ ಮಾಡೋಣ.

ನಾಲ್ಕನೇದರ ಉತ್ತರ ಮುಂದಿನ ಸಂಚಿಕೆಯಲ್ಲಿ. ಅಲ್ಲಿವರೆಗೆ ಯಾರಾದರೂ ಎಷ್ಟನೇ ತಾರೀಖು ಅಂತ ಕೇಳಿದರೆ ತಡವರಿಸದೆ ಹೇಳಿ. ನಾವೂ ಮಾನ್ವಿ ಬಸ್ ಸ್ಟ್ಯಾಂಡಿಗೆ ಮತ್ತೆ ಹೋಗೋದಿದೆ.